ಗಡ್ಡದ ಕೇಸು

"ಗಣಿಯವರು ನಿಮ್ಮ ಹೊಳೆಗೆ ವಿಷದ ನೀರು ಬಿಡೋದು ನಿಲ್ಲೋವರೆಗೆ ನಾನು ಗಡ್ಡಕ್ಕೆ ಕತ್ತರಿ ತಾಗಿಸಲ್ಲ. ನಿಂತ ದಿನ ನೀವೇ ನಿಮ್ಮ ಕೈಯಾರೆ ಕತ್ತರಿಸಿ" ಎಂದು ವಕೀಲ ಅಬೆಲಾರ್ದೊ ಪುಕಾಪಂಪ ಎಂಬ ಬೆಟ್ಟದೂರಿನ ಸಭೆಯಲ್ಲಿ ಮಾತು ಕೊಟ್ಟು ಹದಿನೇಳು ವರ್ಷವಾಗಿತ್ತು. ಆಗ ಅವನಿಗೆ ಗಡ್ಡ ಸರಿಯಾಗಿ ಬಂದಿರಲೂ ಇಲ್ಲ.

ಈಗ ಅದು ಹೊಟ್ಟೆಯವರೆಗೆ ಇಳಿದಿತ್ತು. ಎರಡು ವಿಶ್ವವಿದ್ಯಾಲಯಗಳು ಅದಕ್ಕೆ ಗೌರವ ಡಾಕ್ಟರೇಟ್ ಕೊಟ್ಟಿದ್ದವು. ಮುಂದಿನ ತಿಂಗಳು ಜಿನೀವಾದಲ್ಲಿ ನಡೆಯುವ ಪರಿಸರ ಸಮ್ಮೇಳನದ ಪೋಸ್ಟರಿನಲ್ಲಿ ಅವನ ಹೆಸರು ಸಣ್ಣದಾಗಿತ್ತು, ಗಡ್ಡ ಇಡೀ ಹಾಳೆ ತುಂಬಿತ್ತು.

ಊರಿನ ಅಧ್ಯಕ್ಷೆ ಬಸಿಲಿಯಾ ಇಪ್ಪತ್ತು ಗಂಟೆ ಬಸ್ಸಿನಲ್ಲಿ ಕೂತು ರಾಜಧಾನಿ ಲಿಮಾದ ಅವನ ಆಫೀಸಿಗೆ ಬಂದಳು. ಹ್ಯಾಟು ತೆಗೆಯದೆ ಕುರ್ಚಿಯ ತುದಿಯಲ್ಲಿ ಕೂತು, ಬೆನ್ನಿಗೆ ಕಟ್ಟಿಕೊಂಡಿದ್ದ ಗಂಟು ಬಿಚ್ಚಿ, ಒಂದಿಷ್ಟು ಹುರಿದ ಮೆಕ್ಕೆಜೋಳ, ಒಂದು ಕಾಗದದ ಕಟ್ಟು, ಕೆಂಪು ರಿಬ್ಬನ್ ಕಟ್ಟಿದ ಕತ್ತರಿ, ಮೂರನ್ನೂ ಮೇಜಿನ ಮೇಲಿಟ್ಟಳು.

"ಕಂಪನಿಯವ್ರು ಒಪ್ಕೊಂಡ್ರು ವಕೀಲಪ್ಪ. ವಿಷದ ನೀರು ಬರೋ ಕೊಳವೆ ಮುಚ್ತಾರಂತೆ, ಹೊಳೆ ಕ್ಲೀನ್ ಮಾಡಿಸಿ ಕೊಡ್ತಾರಂತೆ. ಎಲ್ಲಾ ಬರವಣಿಗೇಲಿದೆ, ನಮ್ಮ ಕಡೆಯಿಂದ ನಿಮ್ಮದೊಂದು ಸಹಿ ಬಾಕಿ. ಶನಿವಾರ ಸಹಿ ಆದ್ಮೇಲೆ, ಮಗೂಗೆ ಮೊದಲ ಸಲ ಕೂದಲು ತೆಗೆಯೋ ಶಾಸ್ತ್ರಾನೇ ನಿಮಗೆ ಮಾಡ್ತೀವಿ. ಒಬ್ಬೊಬ್ರು ಒಂದೊಂದು ಎಳೆ ಕತ್ತರಿಸಿ ಒಂದೊಂದು ಉಡುಗೊರೆ ಕೊಡೋದು. ನಮ್ಮನೇದು ಕುರಿ."

ಅಬೆಲಾರ್ದೊ ಒಪ್ಪಂದವನ್ನು ಮೂರು ಸಲ ಓದಿದ. ತಪ್ಪು ಹುಡುಕಿದ, ಸಿಗಲಿಲ್ಲ. ಹದಿನೇಳು ವರ್ಷದ ಹಿಂದೆ ತಾನು ದಾವೆಯಲ್ಲಿ ಕೇಳಿದ್ದೆಲ್ಲವೂ ಅದೇ ಕ್ರಮದಲ್ಲಿ ಅಲ್ಲಿತ್ತು. ನಾಲ್ಕನೇ ಸಲ ಮೊದಲ ಪುಟ ತೆರೆದ.

"ತಪ್ಪು ಮಾಡಿದ್ವಿ ಅಂತ ಕಂಪನಿಯವ್ರು ಎಲ್ಲೂ ಬರೆದಿಲ್ಲವಲ್ಲ" ಎಂದ ಕೊನೆಗೆ.

"ಬರೀದಿದ್ರೆ ಬೇಡ ಬಿಡಿ. ಕೊಳವೆ ಮುಚ್ಚಿದ್ರೆ ಸಾಕು."

"ಹಾಗಲ್ಲ ಬಸಿಲಿಯಮ್ಮ. ಇದು ಇಡೀ ಖಂಡಕ್ಕೇ ಮಾದರಿಯಾಗೋ ಕೇಸು. ರಾಜಿ ಆದ್ರೆ ಕಥೆ ಮುಗೀತು. ತೀರ್ಪೇ ಬರಬೇಕು. ಇನ್ನೊಂದು ಆರು ವರ್ಷ..."

"ನನ್ನ ಮೊಮ್ಮಗಳ ರಕ್ತದಲ್ಲಿ ಸೀಸ ಸೇರಿದೆ ಅಂತ ಆಸ್ಪತ್ರೆಯವ್ರು ಬರೆದುಕೊಟ್ಟಿದ್ದಾರೆ. ಅವಳಿಗೀಗ ಐದು. ಇನ್ನೂ ಆರು ವರ್ಷ ಆ ನೀರನ್ನೇ ಕುಡೀಬೇಕಾ?"

ಅವನು ಕಿಟಕಿಯ ಕಡೆ ತಿರುಗಿದ. "ಜಿನೀವಾ ಒಂದು ಮುಗೀಲಿ. ಕೇಸೇ ಇಲ್ಲ ಅಂದ್ರೆ ಅಲ್ಲಿ ನಾನು ಏನಂತ ಮಾತಾಡ್ಲಿ?"

ಬಸಿಲಿಯಾ ಗಡ್ಡವನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದಳು. "ಪಸಂದಾಗಿ ಬೆಳೆದಿದೆ ವಕೀಲಪ್ಪ. ನಮ್ಮ ಹೊಳೆ ದಂಡೇಲಿ ಹುಲ್ಲೂ ಹಿಂಗೇ ಬೆಳೆದಿದ್ರೆ ನಾವು ನಿಮ್ಮ ಹತ್ರ ಬರ್ತಾನೇ ಇರಲಿಲ್ಲ." ಜೋಳ ಅಲ್ಲೇ ಬಿಟ್ಟು, ಕಾಗದ ಕತ್ತರಿ ಗಂಟಿಗೆ ಹಾಕಿಕೊಂಡು ಹೊರಟಳು.

ಗುರುವಾರ ಊರು ಸಭೆ ಸೇರಿ ಅವನ ವಕಾಲತ್ತು ರದ್ದು ಮಾಡಿತು. ಶನಿವಾರ, ಸನ್ನದು ಪಡೆದು ಇನ್ನೂ ತಿಂಗಳಾಗಿರದ ಒಬ್ಬಳು ವಕೀಲೆ ಸಹಿ ಹಾಕಿದಳು. ಹಾಕುವುದಕ್ಕೆ ಅರ್ಧ ನಿಮಿಷ ಹಿಡಿಯಿತು. ಎರಡು ವಾರದಲ್ಲಿ ಕೊಳವೆ ಮುಚ್ಚಿತು.

ಜಿನೀವಾದಲ್ಲಿ ಅಬೆಲಾರ್ದೊ, ಹೋರಾಟ ಮುಂದುವರಿಯುತ್ತದೆ ಎಂದ. ಸಭಿಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಅಷ್ಟರಲ್ಲಿ ವಿಷದ ನೀರು ನಿಂತು ಹನ್ನೆರಡು ದಿನವಾಗಿತ್ತು. ಅವನು ಗಡ್ಡ ತೆಗೆಸಲಿಲ್ಲ.