ಮೂರು ಸುತ್ತಿನ ಗೌರವ

ಜೈಲಿನ ವಾರ್ಡರ್ ಬಾಳಪ್ಪ ಗೌರವ ರಕ್ಷೆಯ ತುಕಡಿ ಸೇರಿ ಇಪ್ಪತ್ತೆರಡು ವರ್ಷವಾಗಿತ್ತು. ತೀರಿಕೊಂಡ ಸಹೋದ್ಯೋಗಿಗಳಿಗಾಗಿ ಎಷ್ಟೋ ಸಲ ಆಕಾಶಕ್ಕೆ ಗುಂಡು ಹಾರಿಸಿದ್ದ. ಇವತ್ತು ಜೊತೆಯ ವಾರ್ಡರ್, ಗೆಳೆಯ ಯಮನಪ್ಪನ ಶವದ ಮುಂದೆ ಬಂದೂಕು ಎತ್ತಿದ.

ಮೊನ್ನೆ ಬ್ಯಾರಕ್ಕಿನಲ್ಲಿ ಕೈದಿಯೊಬ್ಬ ಮಸೆದ ಚಮಚದಿಂದ ಯಮನಪ್ಪನನ್ನು ಇರಿದಿದ್ದ. ಅಂದು ಬೆಳಿಗ್ಗೆ ಆ ಬ್ಯಾರಕ್ಕನ್ನು ತಪಾಸಣೆ ಮಾಡಬೇಕಿದ್ದವನು ಬಾಳಪ್ಪ. ಪರೇಡಿನ ತಾಲೀಮಿಗೆ ಹೊತ್ತಾಯಿತೆಂದು ಒಳಗೆ ಕಾಲಿಡದೆಯೇ 'ತಪಾಸಣೆ ಆಗಿದೆ' ಎಂದು ಪುಸ್ತಕದಲ್ಲಿ ಸಹಿ ಹಾಕಿ ಹೋಗಿದ್ದ. ವಿಚಾರಣೆಯಲ್ಲೂ ಅದನ್ನೇ ಹೇಳಿದ. ಯಾರಿಗೂ ಅನುಮಾನ ಬರಲಿಲ್ಲ.

ಮೂರು ಸುತ್ತು ಗುಂಡು ಹಾರಿಸಿ ಮುಗಿಯಿತು. ಯಮನಪ್ಪನ ಟೋಪಿಯನ್ನು ಅವನ ಹೆಂಡತಿಯ ಕೈಗೆ ಒಪ್ಪಿಸುವ ಕೆಲಸವೂ ಬಾಳಪ್ಪನ ಪಾಲಿಗೇ ಬಂತು.

"ಅವ ಅಲ್ಲಿಗೆ ಯಾಕ ಹೋದನೋ ತಿಳೀವಲ್ದು ತಂಗಿ," ಎಂದ, ನೆಲ ನೋಡುತ್ತ. "ಅವನ ಡ್ಯೂಟಿ ಗೇಟಿನ್ಯಾಗಿತ್ತು."

ಆಕೆ ಟೋಪಿಯನ್ನು ಎದೆಗವಚಿಕೊಂಡಳು.

"ಹೋಗೂ ಮುಂದ ಅವರು ನಂಗ ಫೋನ್ ಹಚ್ಚಿದ್ರು ಅಣ್ಣಾ. 'ಊಟಕ್ಕ ತಡ ಆಗ್ತೈತಿ. ಬಾಳಪ್ಪ ತಪಾಸಣಿ ಮಾಡಲಾರದ ಸಹಿ ಹಾಕ್ಯಾನ. ಸಾಹೇಬ್ರಿಗೆ ಗೊತ್ತಾಗೂದ್ರೊಳಗ ನಾನ ಮುಗಿಸಿ ಬರ್ತೀನಿ' ಅಂದ್ರು."