ಟೈಸನ್ ಪರ ವಕಾಲತ್ತು

ಶೇಕ್ಷಾವಲಿ ಬಾಯಿ ಬಿಡಲಿಲ್ಲ.

ಮುರುಗೇಂದ್ರಪ್ಪ ಮತ್ತೊಮ್ಮೆ ಕೆಣಕಿದ. "ಟೈಸನ್ ಮುಂದೆ ನಿಮ್ಮ ಅಲಿ ಮೂರು ರೌಂಡೂ ನಿಲ್ತಿರ್ಲಿಲ್ಲ ಕಣಲೇ."

ಸ್ಪ್ಯಾನರ್ ಒರೆಸುತ್ತಿದ್ದ ಶೇಕ್ಷಾವಲಿ ಏನೋ ಗೊಣಗಿದ.

"ಏನಂದೆ?"

"ನಿಲ್ತಿರ್ಲಿಲ್ಲ ಬಿಡು. ನೀನು ಹೇಳಿದ್ದೇ ಸರಿ."

ಇಪ್ಪತ್ತರ ಹುಡುಗ ಟೈಸನ್ ಹೆವಿವೇಟ್ ಬಾಕ್ಸಿಂಗ್ ಚಾಂಪಿಯನ್ ಆದ ಸುದ್ದಿ ಪೇಪರಿನಲ್ಲಿ ಬಂದ ದಿನ ಶುರುವಾದ ಜಗಳ ಇದು. ಅಲಿ, ಟೈಸನ್ ಇಬ್ಬರೂ ತಮ್ಮ ತಮ್ಮ ಏರುಗಾಲದಲ್ಲಿ ಒಂದೇ ರಿಂಗಿಗೆ ಇಳಿದಿದ್ದರೆ ಗೆಲ್ಲುವವನು ಯಾರು? ಚಳ್ಳಕೆರೆಯ ಪಾವಗಡ ರಸ್ತೆಯ ಈ ಲಾರಿ ಗ್ಯಾರೇಜಿನಲ್ಲಿ ಶೇಕ್ಷಾವಲಿ ಒಂದು ದಿನವೂ ಅಲಿಯನ್ನು ಬಿಟ್ಟುಕೊಟ್ಟವನಲ್ಲ. ಬಿ.ಜಿ. ಕೆರೆಯಿಂದ ಶೇಂಗಾ ಲೋಡು ತಂದು, ಎಣ್ಣೆ ಮಿಲ್ಲಿಗೆ ಹಾಕಿ, ನೇರ ಇಲ್ಲಿಗೆ ಬರುತ್ತಿದ್ದ ಮುರುಗೇಂದ್ರಪ್ಪನೂ ಟೈಸನ್‌ನನ್ನು ಬಿಟ್ಟುಕೊಟ್ಟವನಲ್ಲ. ಮದುವೆಗಳಾದವು, ಸಾವುಗಳಾದವು, ಇಬ್ಬರ ಮೀಸೆಯೂ ನರೆಯಿತು. ವಾದ ನಿಂತಿರಲಿಲ್ಲ.

ಇವತ್ತು ನಿಂತಿತ್ತು.

ನಾಳೆ ಬೆಂಗಳೂರಿನಲ್ಲಿ ಆಪರೇಷನ್. ಡಾಕ್ಟರು ಮುಚ್ಚುಮರೆ ಮಾಡಿರಲಿಲ್ಲ. ಗೆಡ್ಡೆ ತೆಗೆದರೆ ಜೀವ ಉಳಿಯುತ್ತದೆ, ಆದರೆ... ಎಂದು ಶುರುಮಾಡಿ ಎಲ್ಲವನ್ನೂ ಬಿಡಿಸಿ ಹೇಳಿದ್ದರು. ಮುರುಗೇಂದ್ರಪ್ಪನ ಮಟ್ಟಿಗೆ ಅದರ ಅರ್ಥ ಒಂದೇ. ನಾಳೆಯಿಂದ ಶೇಕ್ಷಾವಲಿಯ ದನಿ ಇಲ್ಲ.

ಮಗ ವೀರೇಶ್ ಕಾರಿಗೆ ಡೀಸೆಲ್ ಹಾಕಿಸಲು ಹೋಗಿದ್ದ. ಅವನು ಬರುವುದರೊಳಗೆ ಆ ದನಿಯನ್ನು ಹೇಗಾದರೂ ಹೊರಡಿಸಬೇಕಿತ್ತು. ಮುರುಗೇಂದ್ರಪ್ಪ ಎದ್ದು ಗಾಳಿಯ ಕಂಪ್ರೆಸರ್ ಆಫ್ ಮಾಡಿದ. ರಸ್ತೆ ಕಡೆಯ ಶಟರನ್ನು ಅರ್ಧ ಎಳೆದ. ಸ್ಟೂಲನ್ನು ಎಂದಿನಂತೆ ಶೇಕ್ಷಾವಲಿಯ ಬಲಕ್ಕೆ ಹಾಕಿಕೊಂಡು ಕೂತ.

ಒಳಗಿನಿಂದ ಶೇಕ್ಷಾವಲಿಯ ಮಗಳು ಫರ್ಜಾನಾ ಚಹಾ ತಂದಳು. ಅಪ್ಪನ ಲೋಟ ಇಟ್ಟು, ಮುರುಗೇಂದ್ರಪ್ಪನ ಹತ್ತಿರ ಬಂದು ಬಾಗಿದಳು. "ಬೆಳಿಗ್ಗೆಯಿಂದ ಅಬ್ಬಾ ಗಂಟಲಲ್ಲಿ ಒಂದು ತುತ್ತೂ ಇಳಿದಿಲ್ಲ ಚಾಚಾ. ಮಾತೂ ಅಷ್ಟೇ." ಅವಳ ಕಣ್ಣುಗಳು ಕೆಂಪಗಿದ್ದವು. ಶೇಕ್ಷಾವಲಿ ಮುಖ ತಿರುಗಿಸಿದ.

ಮುರುಗೇಂದ್ರಪ್ಪ ಚಹಾ ಮುಟ್ಟಲಿಲ್ಲ. ಫ್ರೇಜಿಯರ್ ಒಂದೇ ಹೊಡೆತಕ್ಕೆ ಅಲಿಯನ್ನು ಕೆಳಗೆ ಕೆಡವಿದ್ದನ್ನು ಎತ್ತಿದ. ಶೇಕ್ಷಾವಲಿ ತಲೆಯಾಡಿಸಿದ. ನಾರ್ಟನ್ ಅಲಿಯ ದವಡೆ ಮುರಿದದ್ದನ್ನು ಎತ್ತಿದ. ಅದಕ್ಕೂ ತಲೆಯಾಡಿಸಿದ. ಕನಿಕರ ಬಂದಾಗ ಮನುಷ್ಯ ಎಲ್ಲದಕ್ಕೂ ಒಪ್ಪಿಬಿಡುತ್ತಾನೆ. ಆ ಒಪ್ಪಿಗೆಯೇ ಮುರುಗೇಂದ್ರಪ್ಪನಿಗೆ ಬೇಡವಾಗಿತ್ತು. ಜಟಿಂಗ ರಾಮೇಶ್ವರನ ಬೆಟ್ಟ ಹತ್ತುವಾಗ ಏದುಸಿರಿನಲ್ಲೂ ವಾದಿಸಿದವನು, ತನ್ನ ನಿಖಾದ ದಿನ ಪಂಜೆ ಕಟ್ಟಿಕೊಂಡೇ ಅಲಿಯ ಹೆಜ್ಜೆ ತೋರಿಸಿದವನು, ಇವತ್ತು ಕುರಿಯ ಹಾಗೆ ತಲೆಯಾಡಿಸುತ್ತಿದ್ದಾನೆ.

ಕೊನೆಗೆ ಮುರುಗೇಂದ್ರಪ್ಪ, ಎಂದೂ ಆಡಬಾರದ ಮಾತನ್ನು ಆಡಿದ.

"ಅಲಿ ಪುಕ್ಕಲ ಕಣಲೇ. ಕಿನ್ಶಾಸಾದಾಗೆ ಫೋರ್‌ಮನ್ ಎದುರಿಗೆ ಹಗ್ಗಕ್ಕೆ ಒರಗಿ ಮುಖ ಮುಚ್ಕೊಂಡು ನಿಂತಿದ್ದ."

ಸ್ಪ್ಯಾನರ್ ನೆಲಕ್ಕೆ ಬಿತ್ತು.

"ಏನಂದೆ?" ಈ ಸಲ ಕೇಳಿದವನು ಶೇಕ್ಷಾವಲಿ.

"ಪುಕ್ಕಲ ಅಂದೆ."

"ಪಟ್ಟ ಕಿತ್ಕೊಂಡರು, ರಿಂಗಿಗೆ ಕಾಲಿಡಬ್ಯಾಡ ಅಂದರು. ಆದರೂ ಯುದ್ಧಕ್ಕೆ ಹೋಗಲ್ಲ ಅಂತ ಸರ್ಕಾರದ ಎದುರಿಗೆ ನಿಂತ. ಪುಕ್ಕಲ ನಿಲ್ತಾನೇನಲೇ ಹಂಗೆ? ಹಗ್ಗಕ್ಕೆ ಒರಗಿದ್ದು ಹೆದರಿ ಅಲ್ಲ. ಫೋರ್‌ಮನ್ ಕೈ ಸೋಲಲಿ ಅಂತ. ಸೋತ ಮೇಲೆ ಏನಾಯ್ತು, ಅದನ್ನೂ ಹೇಳು."

ಕಟ್ಟೆ ಒಡೆಯಿತು. ಶೇಕ್ಷಾವಲಿ ಎದ್ದು ನಿಂತು, ಗ್ರೀಸು ಮೆತ್ತಿದ ನೆಲದ ಮೇಲೆ ಹಿಮ್ಮಡಿ ಎತ್ತಿ ಕುಣಿಯುತ್ತ, ಅಲಿಯ ಕೈ ಎಷ್ಟು ಉದ್ದ, ಟೈಸನ್ ಎಷ್ಟು ಗಿಡ್ಡ, ಟೋಕಿಯೋದಲ್ಲಿ ಡಗ್ಲಸ್‌ನಂಥವನೇ ಬರೀ ಎಡಗೈ ಚಾಚಿ ಚಾಚಿ ಅವನನ್ನು ಮಣಿಸಿದ ಮೇಲೆ ಅಲಿಗೆ ಅದೇನು ಮಹಾ ಎಂದು ಒದರತೊಡಗಿದ. ನಡುನಡುವೆ ಉರ್ದುವಿನಲ್ಲಿ ಬೈದ. ತೆಲುಗಿನಲ್ಲೂ ಬೈದ. ದನಿ ಒಡೆಯಿತು, ಕೆಮ್ಮು ಬಂತು, ಮತ್ತೆ ಏರಿತು.

ಮುರುಗೇಂದ್ರಪ್ಪ ಅವನ ತುಟಿಗಳನ್ನೇ ನೋಡುತ್ತ ಕೂತಿದ್ದ. ಆಮೇಲೆ ಕಣ್ಣು ಮುಚ್ಚಿದ. ತಗಡಿನ ಮೇಲೆ ಕಲ್ಲು ಎಳೆದಂಥ ಆ ಒರಟು ದನಿಯನ್ನು ಇಷ್ಟು ವರ್ಷ ಬೈಯುತ್ತಲೇ ಕೇಳಿದ್ದ. ಇವತ್ತು ಅದರ ಒಂದೊಂದು ಗೀರನ್ನೂ ಒಳಗೆ ಎಳೆದುಕೊಂಡ. ಆ ದನಿ ತುಸು ತಗ್ಗಿದಾಗಲೆಲ್ಲ "ಆದರೂ ಟೈಸನ್ನೇ" ಎಂದು ಬೆಂಕಿಗೆ ಕಡ್ಡಿ ಹಾಕಿದ. ಒಪ್ಪಿಕೊಂಡರೆ ಮಾತು ಮುಗಿದುಹೋಗುತ್ತಿತ್ತು. ನಿಜ ಹೇಳಬೇಕೆಂದರೆ, ಅಲಿಯೇ ಗೆಲ್ಲುತ್ತಾನೆಂದು ಮುರುಗೇಂದ್ರಪ್ಪನಿಗೂ ಎಂದೋ ಮನವರಿಕೆಯಾಗಿತ್ತು.

ಹೊರಗೆ ಕಾರು ಹಾರ್ನ್ ಹೊಡೆಯಿತು. ಶೇಕ್ಷಾವಲಿ ಗಕ್ಕನೆ ನಿಂತ. ಮುರುಗೇಂದ್ರಪ್ಪ ಕದಲಲಿಲ್ಲ. ವೀರೇಶ್ ಒಳಗೆ ಬಂದು ಭುಜ ಮುಟ್ಟಿದಾಗಲೇ ಅವನು ಕಣ್ಣು ತೆರೆದದ್ದು.

"ಹೊತ್ತಾಯ್ತಪ್ಪ. ಸಂಜೆ ಒಳಗೇ ಅಡ್ಮಿಟ್ ಆಗ್ಬೇಕಂತೆ."

ಗೆಳೆಯರಿಬ್ಬರೂ ಕಾರಿನ ತನಕ ನಡೆದರು. ಹಿಂದಿನ ಬಾಗಿಲು ತೆರೆದಿತ್ತು. ಫರ್ಜಾನಾ ದುಪಟ್ಟಾದಿಂದ ಬಾಯಿ ಮುಚ್ಚಿಕೊಂಡು ಶಟರಿನ ಬಳಿ ನಿಂತಳು.

"ಆದರೂ ಟೈಸನ್ನೇ," ಎಂದ ಮುರುಗೇಂದ್ರಪ್ಪ.

"ಸುಳ್ಳು," ಎಂದ ಶೇಕ್ಷಾವಲಿ. ಗೆಳೆಯನನ್ನು ಒಳಗೆ ಕೂರಿಸಿ, ತಾನು ಹೊರಗೆ ನಿಂತು ಬಾಗಿಲು ಹಾಕಿದ.

ಕಾರು ಮೆಲ್ಲಗೆ ಹೊರಟಿತು. ಪಕ್ಕದಲ್ಲೇ ದಾಪುಗಾಲು ಹಾಕುತ್ತ ಶೇಕ್ಷಾವಲಿ ಅಲಿಯ ಪರ ಕೂಗುತ್ತಲೇ ಇದ್ದ. ಮುರುಗೇಂದ್ರಪ್ಪ ಕಿಟಕಿಯ ಹೊರಗೆ ತನ್ನ ಎಡಗಿವಿ ಚಾಚಿದ. ಬಲಗಿವಿ ಎಂದೋ ಸತ್ತಿತ್ತು. ನಾಳೆ ಅವನ ತಲೆಯೊಳಗಿನ ಗೆಡ್ಡೆಯ ಜೊತೆ ಡಾಕ್ಟರು ಈ ಕಿವಿಯನ್ನೂ ಕಸಿದುಕೊಳ್ಳುವವರಿದ್ದರು.