ಕಲಹಾಂತರಿತೆ ಎಂಬ ತಗಡು

ಶಿವನಂಜಿ ತನ್ನ ಬಾಡಿಗೆ ಕೋಣೆಯ ಬಾಗಿಲನ್ನು ಒದ್ದೆ ಬಟ್ಟೆಯಿಂದ ಒರೆಸಿದಳು. ನಾಯಿಕಾ ಕಚೇರಿಯ ರುದ್ರೇಶಪ್ಪ ಅಲ್ಲಿ ತಗಡು ಹೊಡೆಯಲು ಬಂದಿದ್ದ. ಕಾವ್ಯಶಾಸ್ತ್ರ ಹೇಳುವ ಅಷ್ಟನಾಯಿಕೆಯರಲ್ಲಿ ತಾನು ಯಾರೆಂಬುದು ಊರಿನ ಪ್ರತಿ ಹೆಂಗಸಿನ ಬಾಗಿಲ ಮೇಲೂ ಇರಬೇಕೆಂಬುದು ಕಚೇರಿಯ ನಿಯಮ. ಎದುರುಮನೆಯಾಕೆ, ಗಂಡ ದುಬೈಗೆ ಹೋದ ಮಾರನೆಯ ದಿನವೇ ಪ್ರೋಷಿತಪತಿಕೆಯಾಗಿದ್ದಳು.

ಇವಳ ತಗಡಿನಲ್ಲಿ 'ಕಲಹಾಂತರಿತೆ' ಎಂದಿತ್ತು.

"ಹಂಗಂದ್ರೇನಣ್ಣ?"

"ಜಗಳಾಡಿ ಗಂಡನ್ನ ದೂರ ಮಾಡ್ಕಂಡು, ಆಮೇಲೆ ಪಶ್ಚಾತ್ತಾಪ ಪಡೋಳು. ಈ ತಗಡು ಹೊಡೆದು ಹದಿನೈದು ದಿನ ಆದ್ಮೇಲೆ ನಿನ್ ಗಂಡ ಪೊಲೀಸ್ನೋರ ಜೊತೆ ಬಂದು ಕರ್ಕಂಡು ಹೋಗ್ತಾನೆ."

"ನಾನೆಲ್ಲಿ ಪಶ್ಚಾತ್ತಾಪ ಪಟ್ಟೆ? ಕಾದ ಸೌಟಲ್ಲಿ ಬೆನ್ನಿಗೆ ಬರೆ ಹಾಕ್ದ, ಬಿಟ್ಟು ಬಂದೆ."

"ಇನ್ನೊಬ್ಬಳ ಉಗುರಿನ ಗುರುತು ಅವನ ಮೈಮೇಲಿದ್ರೆ 'ಖಂಡಿತೆ' ಅಂತ ಬರೀಬೌದಿತ್ತು. ನಿನ್ನ ಮೈಮೇಲಿನ ಗಾಯಕ್ಕೆ ನಮ್ಮಲ್ಲಿ ಕಾಲಮ್ಮಿಲ್ಲ ಕಣಮ್ಮ."

"ಅವನ ಬಾಗಿಲ ಮೇಲೆ ಏನೈತೆ?"

"ಧೀರೋದಾತ್ತ, ಅಂದ್ರೆ ಉತ್ತಮ ನಾಯಕ. ಗಂಡಸ್ರುದ್ದು ಮದ್ವೇಲಿ ಒಂದ್ಸಲ ಬರೆದ್ರೆ ಮುಗೀತು," ಎಂದು ರುದ್ರೇಶಪ್ಪ ನಕ್ಕ.

ಅವನು ಸುತ್ತಿಗೆ ಎತ್ತುವಷ್ಟರಲ್ಲಿ, ಯಾರ ಮುಂದೆಯೂ ದನಿ ಎತ್ತದ ಶಿವನಂಜಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು.

"ನನ್ನ ಹೆಸ್ರು ಮಾತ್ರ ಬರೀರಿ ಅಣ್ಣ. ಶಿವನಂಜಿ ಅಂತ."

ರುದ್ರೇಶಪ್ಪ ಮೊಳೆಯನ್ನು ತುಟಿಯಲ್ಲಿ ಕಚ್ಚಿಕೊಂಡು, ಅವಳು ಪಕ್ಕಕ್ಕೆ ಸರಿಯಲೆಂದು ಕಾಯುತ್ತ ನಿಂತ.